ಕಾಯಿಲೋವರ್, ಟ್ರ್ಯಾಕ್ ಪ್ಯಾಡು, ರೀಮ್ಯಾಪು: 3 ವರ್ಷ ಓಡ್ಸಿದ್ಮೇಲೆ ಬರೀತಿರೋದು

ನನ್ ಕಾರಿಗೆ ಈ ಕಾಯಿಲೋವರ್ ಸೆಟ್ (ಎತ್ತರ ಬದಲಾಯಿಸಬಹುದಾದ ಸ್ಪ್ರಿಂಗು, ಡ್ಯಾಂಪರ್ ಜೋಡಿ) ಹಾಕ್ಸಿ 3 ವರ್ಷ ಆಯ್ತು, ಜೊತೆಗೇ ಟ್ರ್ಯಾಕ್ ಪ್ಯಾಡು (ರೇಸ್ ಟ್ರ್ಯಾಕಿನ ಬಿಸಿ ತಡೆಯೋ ಬ್ರೇಕ್ ಪ್ಯಾಡು), ಸ್ಟೀಲ್ ಬ್ರೇಡೆಡ್ ಬ್ರೇಕ್ ಲೈನು (ಸ್ಟೀಲ್ ಹೆಣಿಗೆ ಇರೋ ಬ್ರೇಕ್ ಪೈಪು), ಅದಕ್ಕೂ ಮುಂಚೆ ಇಸಿಯು ರೀಮ್ಯಾಪು (ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ). 31 ಸಾವಿರ ಚಿಲ್ರೆ ಕಿಲೋಮೀಟರ್ ಓಡಿದೆ, ಅದ್ರಲ್ಲಿ ಟ್ರ್ಯಾಕ್ ಡೇ, ಅಂದ್ರೆ ರೇಸ್ ಟ್ರ್ಯಾಕಲ್ಲಿ ನಮ್ಮ ಗಾಡಿ ನಾವೇ ಓಡಿಸೋ ದಿನ, 14. ವಾರ ಪೂರ್ತಿ ಆಫೀಸಿಗೆ ಹೋಗೋದೂ ಇದೇ ಗಾಡೀಲಿ, ಟ್ರೇಲರ್ ಮೇಲೆ ಹೇರ್ಕೊಂಡು ಹೋಗೋ ಪಾರ್ಟಿ ನಾನಲ್ಲ. ಹಾಕ್ಸಿದ ವಾರಕ್ಕೇ ಕೇಳಿದ್ರೆ ಎಲ್ಲಕ್ಕೂ ಐದೈದು ಸ್ಟಾರ್ ಕೊಟ್ಬಿಡ್ತಿದ್ದೆ.

ಮೊದ್ಲು ನನ್ ಎಡವಟ್ಟು ಹೇಳ್ತೀನಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನಾನು ಮೊದ್ಲು ಕೈ ಹಾಕಿದ್ದೇ ಇಂಜಿನ್ನಿಗೆ. ಟರ್ಬೋ ಗಾಡಿ, ಲ್ಯಾಪ್‌ಟಾಪ್ ಚುಚ್ಚಿ ಬೂಸ್ಟ್ (ಟರ್ಬೋ ಇಂಜಿನ್ನಿಗೆ ತಳ್ಳೋ ಗಾಳಿ ಒತ್ತಡ) ಏರ್ಸ್ಕೊಂಡು ಬಂದೆ, ಖುಷಿಯೋ ಖುಷಿ. ಸ್ಟ್ರೈಟ್ ಕೊನೇಲಿ 150 ಕಾಣ್ತಿದ್ದ ಸ್ಪೀಡೋ ಈಗ 165 ತೋರಿಸ್ತಿತ್ತು. ಹತ್ತು ಪರ್ಸೆಂಟ್ ತಾನೇ ಅನ್ಸುತ್ತೆ, ಆದ್ರೆ ಬ್ರೇಕಿಗೆ ಬೀಳೋ ಲೆಕ್ಕ ವೇಗದ ವರ್ಗದ್ದು, ಗಾಡಿ ಹೊತ್ಕೊಂಡು ಬರೋ ಶಕ್ತಿ 21 ಪರ್ಸೆಂಟ್ ಜಾಸ್ತಿ ಆಗಿರುತ್ತೆ, ಅಷ್ಟೂ ಡಿಸ್ಕಲ್ಲೇ ಬಿಸಿ ಆಗ್ಬೇಕು. ನಾಲ್ಕನೇ ಲ್ಯಾಪಲ್ಲಿ ಪೆಡಲ್ ತುಳಿದೆ ನೋಡಿ, ನೆನೆದ ಸ್ಪಂಜ್ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಗ್ತಾ ಹೋಗ್ತಾ ಕಾರ್ಪೆಟ್ ಮುಟ್ತು. ಜೀವ ಬಾಯಿಗೆ ಬಂತು. ಎರಡ್ಮೂರು ಸಲ ಪಂಪ್ ಮಾಡಿದ್ಮೇಲೆ ಚೂರು ಹಿಡೀತು, ಗಾಡಿ ಹೋಗಿ ಟ್ರ್ಯಾಕ್ ಪಕ್ಕದ ಜಲ್ಲಿಕಲ್ಲಲ್ಲಿ ಹೂತ್ಕೊಂಡು ನಿಂತ್ಕೊಂತು. ಬಂಪರ್ ಒಳಗಿಂದ ಆಮೇಲೆ ಒಂದು ಬಕೆಟ್ ಜಲ್ಲಿ ತೆಗೆದಿದೀನಿ.

ಎಲ್ರೂ ಇದನ್ನ "ಬ್ರೇಕ್ ಫೇಡ್" ಅಂದ್ರು, ನಿಜವಾಗಿ ಕುದ್ದಿದ್ದು ಬ್ರೇಕ್ ಫ್ಲೂಯಿಡ್, ಪೆಡಲ್ ಒತ್ತಡನ ಚಕ್ರಕ್ಕೆ ಸಾಗಿಸೋ ದ್ರವ. ಪ್ಯಾಡ್ ಫೇಡ್ ಆದ್ರೆ, ಅಂದ್ರೆ ಬಿಸಿಗೆ ಹಿಡಿತ ಕಳ್ಕೊಂಡ್ರೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗೇ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ಪೆಡಲ್ಲೇ ಕೆಳಗಿಳಿದ್ರೆ ಲೈನಲ್ಲಿ ಆವಿ ಆಗಿದೆ ಅಂತ. ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ಗಾಳಿಯ ತೇವ ಕುಡಿದು ಹಳೇದಾದ್ಮೇಲಿನ ಲೆಕ್ಕಕ್ಕೆ ಸ್ಟ್ಯಾಂಡರ್ಡ್ ಕೇಳೋದು ಬರೀ 155. ನನ್ ಗಾಡೀಲಿದ್ದಿದ್ದು 2 ವರ್ಷದ ಹಳೇ ನೀರು, ಹಂಗೇ ಅನ್ಬೇಕು ಅದನ್ನ. ಆಮೇಲಿಂದ 300 ಡಿಗ್ರಿ ದಾಟಿದ ರೇಸಿಂಗ್ ಫ್ಲೂಯಿಡ್ಡೇ, ಪ್ರತೀ ಎರಡು ಟ್ರ್ಯಾಕ್ ಡೇಗೆ ಬ್ಲೀಡ್, ಅಂದ್ರೆ ಲೈನಿಂದ ಗಾಳಿ, ಹಳೇ ಫ್ಲೂಯಿಡ್ ಹೊರಗೆ ತೆಗೆಯೋದು. ಇಷ್ಟು ದಿನದಲ್ಲಿ ಖರ್ಚಿಗೆ ತಕ್ಕ ಬೆಲೆ ಸಿಕ್ಕಿದ್ದು ಅಂದ್ರೆ ಇದೊಂದೇ, ಮಿಕ್ಕಿದ್ದೆಲ್ಲಾ ಇದರ ಹಿಂದೆ.

ಪ್ಯಾಡ್ ವಿಷಯಕ್ಕೆ ಬರೋಣ, ಇಲ್ಲೇ ನನಗೆ ಹೊಟ್ಟೆ ಉರಿ. ಮೊದಲನೇ ಜೊತೆ ಡಬ್ಬಿ ಮೇಲೆ ರೋಡಿಗೂ ಸೈ ಟ್ರ್ಯಾಕಿಗೂ ಸೈ ಅನ್ನೋ ಅರ್ಥದಲ್ಲಿ ಬರೆದಿತ್ತು. ರೋಡಲ್ಲಿ ಕಿರುಚ್ತು, ಟ್ರ್ಯಾಕಲ್ಲಿ 15 ನಿಮಿಷಕ್ಕೆ ಸುಸ್ತಾಯ್ತು, ಬಿಚ್ಚಿ ನೋಡಿದ್ರೆ ಅಂಚು ಬೂದಿ ಬಣ್ಣಕ್ಕೆ ತಿರುಗಿ ಉದುರ್ತಿತ್ತು. ಆಮೇಲೆ ಪೂರ್ತಿ ಟ್ರ್ಯಾಕ್ ಪ್ಯಾಡ್ ಹಾಕ್ದೆ. ಬಿಸಿ ಆದ್ಮೇಲೆ ಅದರ ಹಿಡಿತ ಬೇರೆ ಲೆವೆಲ್ಲು, ಆದ್ರೆ ಬೆಳಿಗ್ಗೆ ತಣ್ಣಗಿದ್ದಾಗ ಮೊದಲನೇ ಸಿಗ್ನಲಲ್ಲಿ ಮುಂದಿನ ಗಾಡಿ ಹತ್ರ ಹತ್ರ ಬರ್ತಾನೇ ಇರುತ್ತೆ. ಡಸ್ಟ್ ವೀಲಿಗೆ ಕಚ್ಕೊಂಡು ತುಕ್ಕಿನ ಚುಕ್ಕೆ ಆಗುತ್ತೆ, ತೊಳೆದ್ರೂ ಹೋಗಲ್ಲ. ಹಾಗಾಗಿ ಈಗ ಟ್ರ್ಯಾಕ್ ಡೇ ಹಿಂದಿನ ಸಂಜೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಕೆಳಗಿನ ಬೋಲ್ಟ್ ಬಿಚ್ಚಿ, ಮೇಲಕ್ಕೆ ಮಡಚಿ, ಪ್ಯಾಡ್ ಬದಲಾಯಿಸ್ತೀನಿ, ಮುಂದಿನ ಎರಡೂ ಕಡೆ ಸೇರಿ 40 ನಿಮಿಷ. ಡಿಸ್ಕೂ ಬೇರೆ ಜೊತೆ ಇಟ್ಕೊಂಡಿದೀನಿ, ಯಾಕಂದ್ರೆ ಒಂದು ಪ್ಯಾಡ್ ಬಿಟ್ಟ ಲೇಯರ್ ಮೇಲೆ ಇನ್ನೊಂದನ್ನ ಉಜ್ಜಿದ್ರೆ ಸ್ಟೀರಿಂಗ್ ಗಡಗಡ ಅನ್ನೋಕೆ ಶುರು ಮಾಡುತ್ತೆ. ದೊಡ್ಡ ಬ್ರೇಕ್ ಕಿಟ್ ಇನ್ನೂ ಹಾಕ್ಸಿಲ್ಲ, ಈಗಿರೋ ಬ್ರೇಕೇ ಎಬಿಎಸ್ ಕೆಲಸ ಶುರು ಮಾಡೋವರೆಗೆ ಹಿಡಿಯುತ್ತೆ ಅಂದ್ಮೇಲೆ ದೊಡ್ಡದು ಕೊಡೋದು ಬಿಸಿ ತಡೆಯೋ ತಾಕತ್ತು ಅಷ್ಟೇ. ಬ್ರೇಡೆಡ್ ಲೈನಿಂದ ಪೆಡಲ್ ಒಂಚೂರು ಗಟ್ಟಿ ಆಯ್ತು, ಅದಕ್ಕಿಂತ ಜಾಸ್ತಿ ಹೇಳಿದ್ರೆ ಸುಳ್ಳಾಗುತ್ತೆ.

ಕಾಯಿಲೋವರ್ ಒಳ್ಳೇದೇ, ಕೆಡಿಸಿದ್ದು ನಾನು. ನೋಡೋಕೆ ಚೆನ್ನಾಗಿರುತ್ತೆ ಅಂತ ಮೊದಲು 45 ಮಿಮೀ ಇಳಿಸ್ದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ಟು ಅನ್ನೋ ಬಗೆಯ ಸಸ್ಪೆನ್ಷನ್ನು, ಅಷ್ಟು ಇಳಿಸಿದ್ರೆ ಲೋವರ್ ಆರ್ಮ್ (ಚಕ್ರನ ಕೆಳಗಿಂದ ಹಿಡಿಯೋ ತೋಳು) ಚಕ್ರದ ಕಡೆ ಮೇಲಕ್ಕೆ ಎದ್ದು ನಿಲ್ಲುತ್ತೆ, ರೋಲ್ ಸೆಂಟರ್ (ತಿರುವಲ್ಲಿ ಗಾಡಿ ವಾಲೋ ಕೇಂದ್ರಬಿಂದು) ಕುಸಿಯುತ್ತೆ, ಗಟ್ಟಿ ಸ್ಪ್ರಿಂಗ್ ಹಾಕಿದ್ರೂ ಗಾಡಿ ವಾಲೋಕೆ ನೋಡುತ್ತೆ. ಮೇಲಿಂದ ಪ್ರತೀ ಹಂಪಿಗೂ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕೆಳಗೆ ಹೋದಾಗ ತಡೆಯೋ ರಬ್ಬರು) ಧಡ್ ಅಂತ ಹೊಡೀತಿತ್ತು, ಪಕ್ಕದಲ್ಲಿ ಕೂತೋರು ಎರಡನೇ ಸಲ ಹತ್ತಲಿಲ್ಲ. ಈಗ 20 ಮಿಮೀ ಇಳಿಸಿ ಬಿಟ್ಟಿದೀನಿ, ಡ್ಯಾಂಪರ್ (ಸ್ಪ್ರಿಂಗ್ ಕುಣಿತ ತಡೆಯೋ ಶಾಕ್) ರೋಡಿಗೆ ಪೂರ್ತಿ ಗಟ್ಟಿಯಿಂದ 20 ಕ್ಲಿಕ್ ಹಿಂದೆ, ಟ್ರ್ಯಾಕಿಗೆ 8.

ಇನ್ನೊಂದು: ಎತ್ತರ ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸ್ದೇ 6 ಸಾವಿರ ಓಡ್ಸಿದ್ದೆ, ಟೈರ್ ಒಳ ಅಂಚು ಕೈಯಲ್ಲಿ ಸವರಿದಾಗ ತಂತಿ ಚುಚ್ತು. ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಗೆ ವಾಲಿರೋ ಕೋನ) ನೆಗೆಟಿವ್ 2.5 ಡಿಗ್ರಿ ಇಟ್ಟಿದ್ದಕ್ಕೆ ಅಂತ ಬೈಸ್ಕೊಂಡೆ, ಆದ್ರೆ ಎತ್ತರದ ಜೊತೆ ಟೋ (ಮೇಲಿಂದ ನೋಡಿದ್ರೆ ಚಕ್ರ ಒಳಗೋ ಹೊರಗೋ ತಿರುಗಿರೋ ಕೋನ) ಕೂಡ ಕದಲಿತ್ತು. ಟೋ ಸೊನ್ನೆಗೆ ತಂದ್ಮೇಲೆ ಅದೇ ಕ್ಯಾಂಬರಲ್ಲಿ ಟೈರ್ ಸಮವಾಗೇ ಸವೀತಿದೆ.

ಇಂಜಿನ್ ಬಗ್ಗೆ ಹೇಳೋದು ಕಮ್ಮಿ. ರೀಮ್ಯಾಪ್ ಇದುವರೆಗೆ ತೊಂದ್ರೆ ಕೊಟ್ಟಿಲ್ಲ. ಮೂರನೇ ಲ್ಯಾಪಿಗೇ ಆಯಿಲ್ 135 ಡಿಗ್ರಿ ತೋರಿಸ್ತು ಅಂತ ಥರ್ಮೋಸ್ಟಾಟ್ ಇರೋ ಆಯಿಲ್ ಕೂಲರ್ ಹಾಕ್ಸಿದೆ, ಥರ್ಮೋಸ್ಟಾಟ್ ಇಲ್ದಿರೋದು ತಗೋಬೇಡಿ, ದಿನಾ ಆಫೀಸ್ ದಾರೀಲಿ ಆಯಿಲ್ ಬೆಚ್ಚಗಾಗೋದೇ ಇಲ್ಲ. ಓಪನ್ ಏರ್ ಫಿಲ್ಟರ್ ಬರೀ ಸದ್ದು, ಮಾರ್ಬಿಟ್ಟೆ.

ಈಗ ಮುಂದಿನ ಎಡಗಡೆ ಡ್ಯಾಂಪರ್ ಶಾಫ್ಟ್ ಮೇಲೆ ಎಣ್ಣೆ ಜಿನುಗ್ತಿದೆ, ಥ್ರೆಡ್ ಕಾಲರ್ರಿಗೆ (ಎತ್ತರ ಬದಲಾಯಿಸೋಕೆ ತಿರುಗಿಸೋ ರಿಂಗು) ಕೆಸರು ಹೊಕ್ಕು ಸ್ಪ್ಯಾನರಿಗೆ ಜಗ್ತಿಲ್ಲ. ಬಿಚ್ಚಿ ಸೀಲ್ ಹಾಕಿ ರೀಬಿಲ್ಡ್ ಮಾಡಬಹುದಾದ ಸೆಟ್ಟು ಅನ್ನೋ ಒಂದೇ ಕಾರಣಕ್ಕೆ ಇದಕ್ಕೆ ನಾಲ್ಕು ಸ್ಟಾರ್. ಮುಂದಿನ ವಾರ ಬಿಚ್ತೀನಿ, ಕಾಲರ್ ಬಂದ್ರೆ.