ಗಾಳ ಹಾಕಲು ಬೋಟ್ ಬಾಡಿಗೆಗೆ ಹಿಡಿಯುವವರೇ, ಮೊದಲು ಅಳಿವೆಯ ಬಗ್ಗೆ ಕೇಳಿ

ಗೆಳೆಯರ ಜೊತೆ ಸೇರಿ ವೀಕೆಂಡಿಗೆ ಖಾಸಗಿ ಬೋಟ್ ಹಿಡಿದು ಕಡಲಿಗೆ ಹೋಗುವ ಯೋಚನೆ ಇದ್ದರೆ, ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಪೂರ್ತಿ ಓದಿ. ನಮಗೆ ಇದು ಆದದ್ದು ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಜಾಗದಲ್ಲಿ. ಗಂಗೊಳ್ಳಿ, ಕೋಡಿಬೆಂಗ್ರೆ, ತದಡಿ ಎಲ್ಲಿ ಬೇಕಾದರೂ ಆಗಬಹುದಿತ್ತು. ನದಿಯಿಂದ ಹೊರಟು ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಕಡಲಿಗೆ ಹೋಗುವ ಯಾವ ಸಣ್ಣ ಬೋಟಿಗೂ ಈ ಮಾತು ಸಲ್ಲುತ್ತದೆ.

ಗೆಳೆಯನೊಬ್ಬನಿಗೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ನಂಬರ್ ಸಿಕ್ಕಿತ್ತು. ದೊಡ್ಡ ದೊಡ್ಡ ಇಶ್ವಾಣ ಮೀನು ಎತ್ತಿ ಹಿಡಿದ ಫೋಟೊಗಳು. ಫೋನ್ ಮಾಡಿ ಕೇಳಿದ್ದಕ್ಕೆಲ್ಲ ಇದೆ ಅಂದರು. ಲೈಫ್ ಜಾಕೆಟ್ ಇದೆ, ಜಿಪಿಎಸ್ ಇದೆ, ಪರ್ಮಿಟ್ ಇದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೆರಡಕ್ಕೆ ವಾಪಸ್. ಅರ್ಧ ದುಡ್ಡು ಮೊದಲೇ ಕೊಡಬೇಕು, ಕ್ಯಾನ್ಸಲ್ ಮಾಡಿದರೆ ವಾಪಸ್ ಇಲ್ಲ.

ಆರು ಗಂಟೆಗೆ ಆರು ಜನ ದಕ್ಕೆಯಲ್ಲಿ (ಬೋಟ್ ನಿಲ್ಲುವ ಕಟ್ಟೆಯಲ್ಲಿ) ನಿಂತಿದ್ದೆವು. ಬೋಟ್ ಬಂದದ್ದು ಎಂಟೂವರೆಗೆ. ಫೋಟೊದಲ್ಲಿದ್ದ ಬೋಟ್ ಅದಲ್ಲ. ಒಂದೇ ಔಟ್‌ಬೋರ್ಡ್ ಎಂಜಿನ್ ಇರುವ ಫೈಬರ್ ದೋಣಿ. ನಡೆಸುವವನು, ಜೊತೆಗೆ ಹದಿನಾರೋ ಹದಿನೇಳೋ ವಯಸ್ಸಿನ ಒಬ್ಬ ಹುಡುಗ. ಲೈಫ್ ಜಾಕೆಟ್ ಎಲ್ಲಿ ಅಂದಾಗ ಹಲಗೆಯ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಕೊಟ್ಟರು. ಅದರಲ್ಲಿ ಇದ್ದದ್ದು ನಾಲ್ಕು. ನನ್ನ ಕೈಗೆ ಬಂದ ಜಾಕೆಟ್ಟಿನ ಬಕಲ್ಲಿನ ಒಂದು ಹಲ್ಲು ಮುರಿದಿತ್ತು. ಕತ್ತಿನ ಹತ್ತಿರ ಬಟ್ಟೆ ಹರಿದು ಒಳಗಿನ ಫೋಮ್ ಕಾಣುತ್ತಿತ್ತು. ಒತ್ತಿದರೆ ಬೆರಳಿಗೆ ಹಳದಿ ಪುಡಿ ಅಂಟುತ್ತಿತ್ತು. ಪಟ್ಟಿಯ ಬದಲು ಬಲೆಯ ದಾರ ಕಟ್ಟಿದ್ದರು. ಇದನ್ನು ಹಾಕಿಕೊಂಡು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಇನ್ನೆರಡು ಬೇಕು ಅಂತ ಕೇಳಿದ್ದಕ್ಕೆ, 'ಈಗ ಕಡಲು ಹೊಳೆ ಇದ್ದ ಹಾಗೆ ಇದೆ, ಯಾಕೆ ಹೆದರ್ತೀರಿ' ಅಂದ ನಡೆಸುವವನು.

ಹೋಗುವಾಗ ಕಡಲು ನಿಜಕ್ಕೂ ಹಾಗೇ ಇತ್ತು. ಅಳಿವೆ ದಾಟಿದ್ದೇ ಗೊತ್ತಾಗಲಿಲ್ಲ. ಬಸವರಾಜ ದುರ್ಗ ದ್ವೀಪವನ್ನು ಬದಿಗೆ ಬಿಟ್ಟು ಹೊರಗೆ ಹೋಗಿ, ಬಂಡೆ ಇರುವ ಕಡೆ ಗಾಳ ಬಿಟ್ಟೆವು. ಬಂಗಡೆ ಚೆನ್ನಾಗಿ ಸಿಕ್ಕಿತು. ಆ ಎರಡು ತಾಸು ಖುಷಿಯಾಗಿಯೇ ಇದ್ದೆವು, ಅದನ್ನು ಇಲ್ಲ ಅನ್ನುವುದಿಲ್ಲ.

ಹನ್ನೆರಡಾಯಿತು. ಒಬ್ಬ ಗೆಳೆಯ ವಾಂತಿ ಮಾಡಿ ಸುಸ್ತಾಗಿ ಮಲಗಿದ್ದ. ವಾಪಸ್ ಹೋಗೋಣ ಅಂದೆವು. ಬೋಟಿನವನು ಇನ್ನೊಂದು ಸ್ವಲ್ಪ ಹೊತ್ತು ಅಂದ. ಮತ್ತೆ ಕೇಳಿದರೂ ಅದೇ ಉತ್ತರ. ಕಾರಣ ಆಮೇಲೆ ತಿಳಿಯಿತು. ಹೋಗುವ ದಾರಿಯಲ್ಲಿ ತನ್ನದೊಂದು ಬಲೆ ಬಿಟ್ಟಿದ್ದ, ಅದನ್ನು ಎತ್ತಿಕೊಂಡು ಹೋಗಬೇಕಿತ್ತು. ನಮ್ಮ ದುಡ್ಡಿನ ಎಣ್ಣೆಯಲ್ಲಿ ಅವನ ಮೀನುಗಾರಿಕೆಯೂ ನಡೆಯುತ್ತಿತ್ತು. ಬಲೆ ಎತ್ತಿ ಮುಗಿಯುವಾಗ ಮೂರು ಗಂಟೆ ಹತ್ತಿರ. ನೀರು ಕುಡಿದ ಬಲೆಯನ್ನೆಲ್ಲ ಮುಂಭಾಗದಲ್ಲಿ ರಾಶಿ ಹಾಕಿದ. ಬೋಟಿನ ಮೂತಿ ಕೆಳಗಾಯಿತು.

ಅಷ್ಟೊತ್ತಿಗೆ ಕಡಲಿನ ಗಾಳಿ ಜೋರಾಗಿತ್ತು. ಇದು ಏಪ್ರಿಲ್ ತಿಂಗಳ ಮಾತು, ಹುಣ್ಣಿಮೆಯ ಆಸುಪಾಸು. ಈ ಎರಡು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಳಿವೆ ಹತ್ತಿರ ಬಂದಾಗ ಬೆಳಿಗ್ಗೆ ಕಂಡ ಜಾಗವೇ ಅದು ಅಂತ ಅನ್ನಿಸಲಿಲ್ಲ. ಬಾಗಿಲಿನ ಅಡ್ಡಕ್ಕೆ ಬಿಳಿ ನೊರೆ. ತೆರೆಗಳು ನಿಂತಲ್ಲೇ ಎದ್ದು ಅಲ್ಲೇ ಒಡೆಯುತ್ತಿದ್ದವು. ದೂರದಲ್ಲಿ ಕೆಲವು ಬೋಟುಗಳು ಹೊರಗೇ ನಿಂತಿದ್ದವು, ಒಳಗೆ ಹೋಗುತ್ತಿರಲಿಲ್ಲ. ನಮ್ಮವನು ನೇರ ನುಗ್ಗಿಸಿದ. ಎರಡು ತೆರೆ ದಾಟಿತು. ಮೂರನೆಯದರ ಹೊತ್ತಿಗೆ ಎಂಜಿನ್ ಕೆಮ್ಮಿ ನಿಂತಿತು.

ಅದು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಬದಲಿಸುವ ಎಂಜಿನ್. ಒಂದು ಕ್ಯಾನ್ ಖಾಲಿಯಾಗಿ, ಸ್ವಲ್ಪ ಮೊದಲಷ್ಟೇ ಪೈಪನ್ನು ಇನ್ನೊಂದಕ್ಕೆ ಹಾಕಿದ್ದ. ಆ ಕ್ಯಾನಿನ ತಳದಲ್ಲಿ ನೀರಿತ್ತು. ಎಷ್ಟು ಹಗ್ಗ ಎಳೆದರೂ ಎಂಜಿನ್ ಹಿಡಿಯಲಿಲ್ಲ. ಬೋಟ್ ಅಡ್ಡ ತಿರುಗಿತು. ಪಕ್ಕದಿಂದ ಬಂದ ತೆರೆ ನೇರ ನಮ್ಮ ಮೇಲೆ ಬಿತ್ತು. ಐಸ್ ಡಬ್ಬ, ಬ್ಯಾಗು, ಎರಡು ರಾಡ್ ಎಲ್ಲ ನೀರಿಗೆ. ಬಿಚ್ಚದೆ ಬಿಟ್ಟಿದ್ದ ಲೂರ್ (ಕೃತಕ ಎರೆ) ಒಂದರ ಮೂರು ಕೊಕ್ಕೆಯ ಗಾಳ ಗೆಳೆಯನ ಅಂಗೈಗೆ ಹೊಕ್ಕಿತು. ಅವನು ಆ ಕೈಯಲ್ಲೇ ನೀರು ಮೊಗೆದು ಹಾಕುತ್ತಿದ್ದ.

ಲಂಗರು ಹಾಕು ಅಂತ ನಡೆಸುವವನು ಕೂಗಿದ. ಹುಡುಗ ಎತ್ತಿ ಎಸೆದ. ಹಗ್ಗ ಸರಸರ ಹೋಯಿತು, ಹೋಗುತ್ತಲೇ ಇತ್ತು, ಕೊನೆಯ ತುದಿಯೂ ನಮ್ಮ ಕಣ್ಣೆದುರೇ ಅಂಚು ದಾಟಿ ನೀರಿಗೆ ಹೋಯಿತು. ಹಗ್ಗದ ಇನ್ನೊಂದು ತುದಿಯನ್ನು ಬೋಟಿಗೆ ಕಟ್ಟಿಯೇ ಇರಲಿಲ್ಲ. ವೈರ್‌ಲೆಸ್ ಇಲ್ಲ. ಹುಟ್ಟು ಒಂದೇ ಒಂದು. ಜಿಪಿಎಸ್ ಅಂದದ್ದು ಅವನ ಮೊಬೈಲು, ಅದು ಒದ್ದೆಯಾಗಿ ಆಫ್ ಆಗಿತ್ತು.

ನಮ್ಮನ್ನು ಉಳಿಸಿದ್ದು ಹೊರಗೆ ಕಾಯುತ್ತಿದ್ದ ಬೋಟುಗಳಲ್ಲಿ ಒಂದು. ನಾವು ಮರಳದಿಬ್ಬದ ಕಡೆ ತೇಲುತ್ತಿರುವುದನ್ನು ನೋಡಿ ತಮ್ಮ ಬೋಟನ್ನು ಅಪಾಯಕ್ಕೆ ಒಡ್ಡಿ ಬಂದು ಹಗ್ಗ ಎಸೆದರು. ಬಲೆ ಎಲ್ಲ ನೀರಿಗೆ ಹಾಕು ಅಂತ ಅವರ ತಾಂಡೇಲ (ಬೋಟ್ ನಡೆಸುವ ಮುಖ್ಯಸ್ಥ) ಗದರಿದ ಮೇಲೆಯೇ ನಮ್ಮವನು ಬಲೆ ಬಿಟ್ಟದ್ದು. ಅವರು ನಮ್ಮನ್ನು ಒಳಗೆ ಎಳೆಯಲಿಲ್ಲ, ಹೊರಗೆ ಎಳೆದುಕೊಂಡು ಹೋದರು. ಕತ್ತಲಾಗುವ ತನಕ ಕಡಲಲ್ಲೇ ನಿಂತು, ನೀರು ಮತ್ತೆ ಏರಲು ಶುರುವಾದ ಮೇಲೆ ಒಳಗೆ ತಂದರು. ಆಗ ಅಳಿವೆ ಮತ್ತೆ ಬೆಳಗಿನ ಹಾಗೇ ಇತ್ತು. ಅವರು ನಮ್ಮಿಂದ ಒಂದು ರೂಪಾಯಿ ತಗೊಳ್ಳಲಿಲ್ಲ. ಕುಡಿಯಲು ಬಿಸಿ ಗಂಜಿ ಕೊಟ್ಟರು.

ಕಾಯುತ್ತಿದ್ದಾಗ ಆ ತಾಂಡೇಲ ಹೇಳಿದ್ದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಅಳಿವೆಯಲ್ಲಿ ನದಿ ತಂದ ಮರಳು ದಿಬ್ಬವಾಗಿ ಕೂತಿರುತ್ತದೆ. ಆಳ ಕಡಿಮೆ, ದಿಬ್ಬದ ಜಾಗವೂ ಮಳೆಗಾಲದಿಂದ ಮಳೆಗಾಲಕ್ಕೆ ಬದಲಾಗುತ್ತದೆ. ಉಬ್ಬರದ ಹೊತ್ತಿನಲ್ಲಿ ನೀರು ಮತ್ತು ತೆರೆ ಎರಡೂ ಒಳಮುಖ, ಹಾಗಾಗಿ ದಾಟುವುದು ಸುಲಭ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಹೊರಗೆ ನುಗ್ಗುತ್ತದೆ, ಕಡಲಿನ ತೆರೆ ಅದಕ್ಕೆ ಎದುರಾಗಿ ಬರುತ್ತದೆ. ಎದುರಿನ ಸೆಳೆತಕ್ಕೆ ಸಿಕ್ಕ ತೆರೆಗಳ ನಡುವಿನ ಅಂತರ ಕಡಿಮೆಯಾಗಿ, ತೆರೆ ಕಡಿದಾಗಿ ಎದ್ದು ಒಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಏರಿಳಿತ ಜಾಸ್ತಿ, ಸೆಳೆತವೂ ಜಾಸ್ತಿ. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಹೆಚ್ಚುಕಡಿಮೆ ಮಧ್ಯಾಹ್ನದ ಸುಮಾರಿಗೆ ನೀರು ತುಂಬುತ್ತದೆ, ಆಮೇಲೆ ಸಂಜೆಯ ತನಕ ಇಳಿಯುತ್ತದೆ. ಬೇಸಿಗೆಯಲ್ಲಿ ಕಡಲ ಗಾಳಿ ಜೋರಾಗುವುದೂ ಅದೇ ಮಧ್ಯಾಹ್ನದ ಮೇಲೆ. ಮೂರು ಗಂಟೆ ಕಳೆದ ಮೇಲೆ ನಾವು ಅಳಿವೆಯ ಬಾಗಿಲಲ್ಲಿ ಇದ್ದೆವು. ಇದೆಲ್ಲ ನಮ್ಮ ಬೋಟಿನವನಿಗೆ ಗೊತ್ತಿರಲಿಲ್ಲವೇ? ಆ ಊರಿನಲ್ಲೇ ಹುಟ್ಟಿ ಬೆಳೆದವನು. ಗೊತ್ತಿದ್ದೂ ಬಲೆಗಾಗಿ ಮೂರು ತಾಸು ಕಳೆದ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಇಂಥದ್ದು ಸುಮ್ನೆ ಬಟ್ಟೆ ಒದ್ದೆಯಾಗಿ ಮುಗಿಯುವ ವಿಷಯ ಅಲ್ಲ. 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಆದದ್ದು ಅದು.

ಹಾಗಾಗಿ ಬುಕ್ ಮಾಡುವಾಗ ಮೊದಲ ಪ್ರಶ್ನೆ ಮೀನಿನ ಬಗ್ಗೆ ಬೇಡ. ಆ ದಿನ ನೀರು ಎಷ್ಟು ಗಂಟೆಗೆ ತುಂಬುತ್ತದೆ, ಯಾವ ಹೊತ್ತಿಗೆ ಅಳಿವೆ ದಾಟಿ ಒಳಗೆ ಬರುತ್ತೀರಿ ಅಂತ ಕೇಳಿ. ಸರಿಯಾದ ತಾಂಡೇಲ ತಕ್ಷಣ ಹೇಳುತ್ತಾನೆ. 'ಅದೆಲ್ಲ ನಾವು ನೋಡ್ಕೊಳ್ತೀವಿ' ಅಂದರೆ ಅಲ್ಲಿಗೇ ಬಿಡಿ. ನಿಮ್ಮ ಶನಿವಾರ ಭಾನುವಾರಕ್ಕೆ ನೀರು ಹೊಂದಲಿಲ್ಲ ಅಂದರೆ ಇನ್ನೊಂದು ವಾರ ಹೋಗಿ. ಹೊರಟದ್ದು ತಡವಾದರೆ ಕಡಲಲ್ಲಿ ಇರುವ ಹೊತ್ತು ಕಡಿಮೆ ಮಾಡಿಸಿ, ಬರುವ ಹೊತ್ತು ಮುಂದೆ ಹೋಗಬಾರದು. ಬೋಟಿನವನ ಬಲೆ, ಬೇರೆ ಸಾಮಾನು ಏನೂ ಇರಬಾರದು ಅಂತ ಮೊದಲೇ ಮಾತಾಡಿ.

ದಕ್ಕೆಯಲ್ಲಿ ಬೋಟ್ ಹತ್ತುವ ಮೊದಲು ಜಾಕೆಟ್ ಹಾಕಿ, ಬಕಲ್ ಬಿಗಿದು, ಗೆಳೆಯನಿಗೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿಯ ತನಕ ಬಂದರೆ ಅದು ನಿಮಗೆ ಆಗುವುದಿಲ್ಲ. ತಲೆಗೊಂದು ಇಲ್ಲದಿದ್ದರೆ ಹತ್ತಬೇಡಿ, ಅಡ್ವಾನ್ಸ್ ಹೋದರೆ ಹೋಗಲಿ. ಲಂಗರಿನ ಹಗ್ಗದ ತುದಿಯನ್ನು ಕೈಯಿಂದ ಮುಟ್ಟಿ ನೋಡಿ. ಎರಡನೇ ಎಂಜಿನ್ ಇದೆಯೇ, ಇಲ್ಲದಿದ್ದರೆ ಜೋಡಿ ಹುಟ್ಟಾದರೂ ಇದೆಯೇ ನೋಡಿ. ವಿಎಚ್‌ಎಫ್ ವೈರ್‌ಲೆಸ್ ಸೆಟ್ ಇದ್ದರೆ ಆನ್ ಮಾಡಿಸಿ. ತುರ್ತಿಗೆ ಇರುವುದು 16ನೇ ಚಾನೆಲ್, ಸುತ್ತಲಿನ ಬೋಟುಗಳಿಗೂ ಕೇಳಿಸುತ್ತದೆ. ಮೊಬೈಲ್ ಸಿಗ್ನಲ್ ಇರುವಷ್ಟು ದೂರಕ್ಕೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಇಲ್ಲವೇ 112. ಮೊಬೈಲನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಕುತ್ತಿಗೆಗೆ ಕಟ್ಟಿಕೊಳ್ಳಿ. ಹಿಂದಿನ ರಾತ್ರಿ ಕಡಲಿನ ಮುನ್ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಇನ್‌ಕಾಯಿಸ್‌ನ ಅಲೆಗಳ ಮುನ್ಸೂಚನೆ ನೋಡಿ. ಆಕಾಶ ತಿಳಿಯಾಗಿದ್ದರೂ ದೂರದ ಬಿರುಗಾಳಿಯಿಂದ ಎದ್ದ ತೆರೆ ನಮ್ಮ ದಡಕ್ಕೆ ಬರುತ್ತದೆ. ಇನ್ನು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಯಾರಾದರೂ ಕದ್ದುಮುಚ್ಚಿ ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡವೇ ಬೇಡ.

ಗೆಳೆಯನ ಅಂಗೈ ಕೊಯ್ದು ಗಾಳ ತೆಗೆಸಬೇಕಾಯಿತು, ಟಿಟಿ ಇಂಜೆಕ್ಷನ್ ಆಯಿತು. ಈಗ ವಾಸಿಯಾಗಿದೆ. ಬೋಟಿನವನು ಮರುದಿನ ಫೋನ್ ಮಾಡಿ ಉಳಿದ ಅರ್ಧ ದುಡ್ಡು ಮತ್ತು ಹೋದ ಬಲೆಯ ದುಡ್ಡು ಕೇಳಿದ. ಕೊಡುವುದಿಲ್ಲ ಅಂದ ಮೇಲೆ ನಂಬರ್ ಬ್ಲಾಕ್ ಮಾಡಿದ. ಆ ಪೇಜು ಇನ್ನೂ ನಡೆಯುತ್ತಿದೆ. ದೂರು ಕೊಡಲು ಹೋದಾಗ ಮೊದಲು ಕೇಳಿದ್ದು ಬೋಟಿನ ನೋಂದಣಿ ಸಂಖ್ಯೆ. ನಮ್ಮ ಹತ್ತಿರ ಇದ್ದ ಒಂದೇ ಫೋಟೊದಲ್ಲಿ ಅರ್ಧ ಸಂಖ್ಯೆ ಕಾಣುತ್ತದೆ, ಉಳಿದರ್ಧದ ಬಣ್ಣ ಕಿತ್ತು ಹೋಗಿದೆ. ನೀವು ಹತ್ತುವ ಮೊದಲು ಮೂತಿಯ ಪಕ್ಕ ಬರೆದಿರುವ ಆ ಸಂಖ್ಯೆಯ ಪೂರ್ತಿ ಫೋಟೊ ತೆಗೆದು, ಹೊರಟ ಹೊತ್ತಿನ ಜೊತೆ ಮನೆಯವರಿಗೆ ಕಳಿಸಿ. ಆ ಸಂಖ್ಯೆ ಯಾತಕ್ಕೆ ಕೊಟ್ಟದ್ದು ಅಂತಲೂ ಕೇಳಿ. ಮೀನು ಹಿಡಿಯಲು ನೋಂದಣಿಯಾದ ಬೋಟಿನಲ್ಲಿ ದುಡ್ಡು ತಗೊಂಡು ಜನರನ್ನು ಕೂರಿಸುವುದಾದರೆ, ಏನಾದರೂ ಆದಾಗ ವಿಮೆ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.