ಕೆಳಹೊಟ್ಟೆ, ತೊಡೆಸಂದಿನ ಹಳೇ ನೋವು: ನಾನು ಮಾಡಿ ನೋಡಿದ್ದರಲ್ಲಿ ಯಾವುದು ಮೇಲು?

ಈ ನೋವನ್ನು ಗಂಡಸರು ಬಾಯಿಬಿಟ್ಟು ಹೇಳಿಕೊಳ್ಳುವುದು ಕಡಿಮೆ. ಜಾಗವೇ ಅಂಥದ್ದು. ಕೆಳಹೊಟ್ಟೆ, ತೊಡೆಸಂದು, ವೃಷಣ, ವೃಷಣಕ್ಕೂ ಗುದಕ್ಕೂ ನಡುವಿನ ಭಾಗ. ಇವತ್ತು ಇಲ್ಲಿ, ನಾಳೆ ಅಲ್ಲಿ. ಕೂತರೆ ಜಾಸ್ತಿ, ಓಡಾಡಿದರೆ ಕಡಿಮೆ. ಮೂತ್ರಕ್ಕೆ ಪದೇ ಪದೇ ಹೋಗಬೇಕು ಅನ್ನಿಸುತ್ತೆ, ಹೋದರೆ ಸರಿಯಾಗಿ ಬರಲ್ಲ. ವೀರ್ಯ ಬಂದ ಮೇಲೆ ಒಂದು ದಿನ ಒಳಗೆಲ್ಲ ನೋವು. ಮೂರು ತಿಂಗಳು ದಾಟಿಯೂ ಹೀಗೇ ಇದ್ದು, ಪರೀಕ್ಷೆಯಲ್ಲಿ ಸೋಂಕು ಸಿಗದಿದ್ದರೆ ಅದನ್ನು ಕ್ರಾನಿಕ್ ಪೆಲ್ವಿಕ್ ಪೇನ್ ಸಿಂಡ್ರೋಮ್ ಅನ್ನುತ್ತಾರೆ. ಪ್ರೊಸ್ಟೇಟೈಟಿಸ್ (ಪ್ರೊಸ್ಟೇಟ್ ಗ್ರಂಥಿಯ ಉರಿಯೂತ) ಅಂತ ಚೀಟಿ ಹಿಡಿದು ಹೊರಬರುವವರಲ್ಲಿ ಬಹುಪಾಲು ಜನರದ್ದು ಇದೇ ಗುಂಪು. ಬ್ಯಾಕ್ಟೀರಿಯಾ ಸಿಗುವುದು ಕೆಲವರಲ್ಲಿ ಮಾತ್ರ.

ಮೊದಲೇ ಒಂದು ಮಾತು. ವೃಷಣದಲ್ಲಿ ದಿಢೀರಂತ ತಡೆಯಲಾರದ ನೋವು ಬಂದರೆ ಈ ಬರಹ ಪಕ್ಕಕ್ಕಿಟ್ಟು ತುರ್ತು ಚಿಕಿತ್ಸೆಗೆ ಓಡಿ. ವೃಷಣ ತಿರುಚಿಕೊಂಡಿದ್ದರೆ ಸುಮಾರು ಆರು ಗಂಟೆಯೊಳಗೆ ಬಿಡಿಸಬೇಕು. ಜ್ವರ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ವೃಷಣದಲ್ಲಿ ಗಂಟು, ಇವುಗಳಿಗೂ ಮೊದಲು ಡಾಕ್ಟರೇ. ಹರ್ನಿಯಾ, ಕಲ್ಲು, ಸೊಂಟದ ಕೀಲಿನ ತೊಂದರೆ ಇವೂ ತೊಡೆಸಂದಿನಲ್ಲೇ ನೋಯುತ್ತವೆ. ಅವೆಲ್ಲ ಇಲ್ಲ ಅಂತ ಆದಮೇಲಿನ ಕಥೆ ನನ್ನದು.

ಸುಮ್ನೆ "ಪರವಾಗಿಲ್ಲ ಅನ್ನಿಸಿತು" ಅಂತ ಹೋಲಿಸಿದರೆ ಏನೂ ಗೊತ್ತಾಗಲ್ಲ. ಈ ನೋವು ತನ್ನಷ್ಟಕ್ಕೆ ಏರಿ ಇಳಿಯುತ್ತೆ. ಇಳಿಯುವ ವಾರದಲ್ಲಿ ಶುರು ಮಾಡಿದ ಮಾತ್ರೆಗೆ ಪುಕ್ಕಟೆ ಹೆಸರು ಬರುತ್ತೆ. ಅದಕ್ಕೇ ನಾನು ಈ ನೋವು ಎಷ್ಟಿದೆ ಅಂತ ಅಳೆಯುವ ಎನ್‌ಐಎಚ್-ಸಿಪಿಎಸ್‌ಐ ಅನ್ನುವ ಪ್ರಶ್ನಾವಳಿ ಇಟ್ಟುಕೊಂಡೆ. ಅಂಕ ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ. ಒಂಬತ್ತು ಪ್ರಶ್ನೆ, ಒಟ್ಟು 43 ಅಂಕ. ನೋವಿಗೆ 21, ಮೂತ್ರದ ತೊಂದರೆಗೆ 10, ಬದುಕಿನ ಮೇಲೆ ಆದ ಪರಿಣಾಮಕ್ಕೆ 12. ಆರು ಅಂಕ ಇಳಿದರೆ ನಿಜವಾಗಿ ಗುಣ ಕಂಡಿದೆ ಅಂತ ಲೆಕ್ಕ. ಡಾಕ್ಟರ ಹತ್ತಿರ ಹೋದಾಗ ಈ ಹಾಳೆ ಮುಂದಿಟ್ಟರೆ ಅರ್ಧ ಮುಜುಗರ ಅಲ್ಲೇ ಕಡಿಮೆ. ಬಾಯಲ್ಲಿ ಹೇಳಲಾಗದ್ದೆಲ್ಲ ಅದರಲ್ಲಿ ಬರೆದಿರುತ್ತೆ.

ಆಂಟಿಬಯಾಟಿಕ್ ಮತ್ತು ಆಲ್ಫಾ ಬ್ಲಾಕರ್

ಎಲ್ಲರಿಗೂ ಸಿಗುವ ಮೊದಲ ಚೀಟಿ ಇದು. ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿದಾಗ ಮೊದಲ ಕೆಲವು ದಿನ ಹಗುರ ಅನ್ನಿಸಿತು, ಆಮೇಲೆ ಮೊದಲಿನ ಥರಾನೇ. ಸೋಂಕು ಇಲ್ಲದವರಿಗೂ ಹೀಗೆ ಸ್ವಲ್ಪ ಹೊತ್ತು ಹಗುರ ಆಗಬಹುದು. ಅದನ್ನೇ ನಂಬಿ ಇನ್ನೊಂದು ಕೋರ್ಸ್, ಮತ್ತೊಂದು ಕೋರ್ಸ್ ಅಂತ ಎಳೆಯುತ್ತಾರೆ. 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಿಪ್ರೊಫ್ಲಾಕ್ಸಸಿನ್, ಟ್ಯಾಮ್ಸುಲೋಸಿನ್ ಅನ್ನುವ ಆಲ್ಫಾ ಬ್ಲಾಕರ್ (ಮೂತ್ರದ ದಾರಿಯ ಸ್ನಾಯು ಸಡಿಲಿಸುವ ಮಾತ್ರೆ), ಎರಡೂ ಒಟ್ಟಿಗೆ, ಸುಳ್ಳು ಮಾತ್ರೆ ಅಂತ ನಾಲ್ಕು ಗುಂಪು ಮಾಡಿ ಆರು ವಾರ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಈ ಜಾತಿಯ ಆಂಟಿಬಯಾಟಿಕ್‌ಗಳಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಇದೆ ಅಂತ 2008ರಿಂದ ಅಮೆರಿಕದಲ್ಲಿ ಔಷಧದ ಮಾಹಿತಿ ಹಾಳೆಯಲ್ಲಿ ಚೌಕಟ್ಟು ಕಟ್ಟಿ ಎಚ್ಚರಿಕೆ ಹಾಕುತ್ತಾರೆ. ಸೋಂಕು ಸಿಕ್ಕರೆ ತಗೊಳ್ಳಲೇಬೇಕು, ಸಿಗದಿದ್ದರೆ ಎರಡನೇ ಕೋರ್ಸಿಗೆ ಮುಂಚೆ "ಯಾಕೆ ಡಾಕ್ಟ್ರೇ?" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಟ್ಯಾಮ್ಸುಲೋಸಿನ್ ನನಗೆ ಮೂತ್ರದ ಧಾರೆ ಸರಿ ಮಾಡಿತು. ನೋವು ಹಾಗೇ ಇತ್ತು. ಎದ್ದು ನಿಂತಾಗ ತಲೆ ತಿರುಗುತ್ತಿತ್ತು, ವೀರ್ಯ ಕಡಿಮೆ ಬರುತ್ತಿತ್ತು. ಆ ಎರಡನೆಯದನ್ನು ಮೊದಲೇ ಹೇಳಿಬಿಟ್ಟರೆ ಎಷ್ಟೋ ಜನ ಹೆದರಲ್ಲ. ಮೂತ್ರದ್ದೇ ದೊಡ್ಡ ತೊಂದರೆ ಆಗಿದ್ದರೆ ಇದು ಸರಿ, ಬರೀ ನೋವಿದ್ದರೆ ಅಷ್ಟೇನೂ ಇಲ್ಲ.

ಬಿಗಿ ಮಾಡುವ ವ್ಯಾಯಾಮ ಮತ್ತು ಬಿಡುವ ವ್ಯಾಯಾಮ

ನನ್ನ ಹೋಲಿಕೆಯಲ್ಲಿ ಅತಿ ದೊಡ್ಡ ಅಂತರ ಬಂದಿದ್ದು ಇಲ್ಲಿ. ಪೆಲ್ವಿಕ್ ಫ್ಲೋರ್ (ಕೆಳಹೊಟ್ಟೆಯ ತಳದಲ್ಲಿ ಹರಡಿರುವ ಸ್ನಾಯು) ಅಂದ ಕೂಡಲೇ ಎಲ್ಲರೂ ಹೇಳುವುದು ಕೀಗಲ್. ಮೂತ್ರ ತಡೆದ ಹಾಗೆ ಬಿಗಿ ಮಾಡಿ, ಹಿಡಿದು, ಬಿಡು. ಮೂತ್ರ ಸೋರುವವರಿಗೆ, ಪ್ರೊಸ್ಟೇಟ್ ಆಪರೇಷನ್ ಆದವರಿಗೆ ಅದು ಒಳ್ಳೆಯದೇ. ಆದರೆ ನಮ್ಮಂಥವರಲ್ಲಿ ಬಹಳ ಜನರ ಸ್ನಾಯು ಸಡಿಲ ಆಗಿರುವುದಿಲ್ಲ, ಸದಾ ಬಿಗಿದುಕೊಂಡಿರುತ್ತೆ. ಬಿಗಿದ ಮುಷ್ಟಿಯನ್ನು ವಾರಗಟ್ಟಲೆ ಬಿಚ್ಚದೇ ಇದ್ದರೆ ಕೈ ನೋಯಲ್ವಾ? ಆ ಕೈಗೆ ಇನ್ನಷ್ಟು ಗಟ್ಟಿಯಾಗಿ ಹಿಡಿ ಅಂದ ಹಾಗೆ ಕೀಗಲ್. ಮಾಡಿದ ದಿನಗಳಲ್ಲಿ ಸಂಜೆ ಹೊತ್ತಿಗೆ ನನಗೆ ಕೂರಲೂ ಆಗುತ್ತಿರಲಿಲ್ಲ.

ಇದರ ಎದುರು ನಿಂತಿದ್ದು ಬರೀ ಉಸಿರಾಟ. ಅಂಗಾತ ಮಲಗಿ, ಮೊಣಕಾಲಿನಿಂದ ಕೆಳಗಿನ ಭಾಗ ಕುರ್ಚಿಯ ಮೇಲಿಟ್ಟು, ಒಂದು ಕೈ ಹೊಟ್ಟೆಯ ಮೇಲೆ. ಉಸಿರು ಒಳಗೆ ಎಳೆದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಕೆಳಗಿಳಿಯುತ್ತೆ, ಅದರ ಜೊತೆ ತಳದ ಸ್ನಾಯುವೂ ಇಳಿಯುತ್ತೆ. ಕೂರುವ ಎರಡು ಮೂಳೆಗಳು ಒಂದರಿಂದೊಂದು ದೂರ ಸರಿದ ಹಾಗೆ ಅನ್ನಿಸಬೇಕು. ತಿಣುಕಬಾರದು. ಮೂತ್ರ ಶುರುವಾಗುವ ಮೊದಲ ಕ್ಷಣದಲ್ಲಿ ಒಳಗೆ ಏನೋ ಬಿಟ್ಟುಕೊಳ್ಳುತ್ತಲ್ಲ, ಅಷ್ಟೇ ಸಾಕು. ಮೊದಮೊದಲು ಏನೂ ಗೊತ್ತಾಗಲಿಲ್ಲ. ಇಳಿಯುತ್ತಿದೆಯೋ ಇಲ್ಲವೋ ಅನ್ನುವುದೇ ತಿಳಿಯದಷ್ಟು ಆ ಭಾಗ ಮರಗಟ್ಟಿತ್ತು. ಗೊತ್ತಾಗಲು ಶುರುವಾದ ಮೇಲೆ ಇನ್ನೊಂದು ಕಂಡಿತು. ಫೋನ್ ರಿಂಗಾದರೆ ಬಿಗಿ, ಗಾಡಿ ಓಡಿಸುವಾಗ ಬಿಗಿ, ಖಾರವಾದ ಒಂದು ಮೇಲ್ ಓದಿದರೂ ಬಿಗಿ. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವೇ ಇಲ್ಲ. ಮಲಗಿ ಮಾಡಿದ ಉಸಿರಾಟಕ್ಕಿಂತ ಹೀಗೆ ಸಿಕ್ಕಿಬಿದ್ದಾಗಲೆಲ್ಲ ಬಿಟ್ಟಿದ್ದೇ ಜಾಸ್ತಿ ಕೆಲಸ ಮಾಡಿತು ಅಂತ ನನಗನ್ನಿಸುತ್ತೆ.

ಫಿಸಿಯೋ ಕೈ ಮತ್ತು ನಮ್ಮದೇ ಚೆಂಡು

ಪೆಲ್ವಿಕ್ ಫ್ಲೋರ್ ಫಿಸಿಯೋ ಅಂದರೆ ಬಹಳ ಗಂಡಸರು ಹಿಂದೆ ಸರಿಯುವುದು ಒಂದೇ ಕಾರಣಕ್ಕೆ. ಪರೀಕ್ಷೆ ಗುದದ ಮೂಲಕ ನಡೆಯುತ್ತೆ. ಗ್ಲೌಸ್, ಜೆಲ್, ಒಂದು ಬೆರಳು, ಅಷ್ಟೇ. ಮುಜುಗರ ಮೊದಲ ಎರಡು ನಿಮಿಷ. ಆಮೇಲೆ ಆಗುವುದು ಆಶ್ಚರ್ಯ.

ಫಿಸಿಯೋ ನನ್ನ ಮೊಣಕಾಲನ್ನು ಹೊರಗೆ ತಳ್ಳಲು ಹೇಳಿ, ಇನ್ನೊಂದು ಕೈಯಿಂದ ತಡೆದು ಹಿಡಿದರು. ಆಗ ಒಳಗಡೆ ಪಕ್ಕಕ್ಕೆ ಒಂದು ಸ್ನಾಯು ಗಟ್ಟಿಯಾಗುತ್ತೆ, ಅದು ಆಬ್ಟುರೇಟರ್ ಇಂಟರ್ನಸ್. ಬಿಡಲು ಹೇಳಿ ಅದೇ ಜಾಗ ಒತ್ತಿದರು. ನೋವು ಎದ್ದಿದ್ದು ಬೆರಳಿದ್ದಲ್ಲಲ್ಲ, ಮುಂದೆ, ವೃಷಣದ ತುದಿಯಲ್ಲಿ. ಎಷ್ಟೋ ಕಾಲದಿಂದ ಕಾಡಿದ, ಸ್ಕ್ಯಾನ್ ಮಾಡಿ "ಏನೂ ಇಲ್ಲ" ಅಂದಿದ್ದ ಅದೇ ನೋವು. ಒತ್ತಿ ಹಿಡಿದೇ ಇದ್ದರು, ಮೆಲ್ಲಗೆ ಕರಗಿತು. ಅವತ್ತಿಗೆ ಗುಣವಾಗಲಿಲ್ಲ, ಮಾರನೇ ದಿನ ನೋವು ಜಾಸ್ತಿಯೇ ಇತ್ತು. ಆದರೆ ವೃಷಣದಲ್ಲಿ ಏನೋ ಬೆಳೆಯುತ್ತಿದೆ ಅನ್ನುವ ಭಯ ಆ ಟೇಬಲ್ ಮೇಲೇ ಹೋಯಿತು.

ಇದಕ್ಕೆ ಒಳ್ಳೆಯ ಪರೀಕ್ಷೆಯೂ ನಡೆದಿದೆ. 2009ರ ಒಂದು ಸಣ್ಣ ಅಧ್ಯಯನದಲ್ಲಿ ಗಂಡಸರು, ಹೆಂಗಸರು ಸೇರಿ 47 ಜನ. ಹೀಗೆ ಸ್ನಾಯು ಬಿಗಿದ ಜಾಗ ಹುಡುಕಿ ಬಿಡಿಸಿಕೊಂಡವರಲ್ಲಿ 57 ಶೇಕಡಾ, ಬರೀ ಮೈ ಮಸಾಜ್ ಮಾಡಿಸಿಕೊಂಡವರಲ್ಲಿ 21 ಶೇಕಡಾ ಜನ ಗುಣ ಕಂಡಿದೆ ಅಂದರು.

ಮನೆಯಲ್ಲಿ ಚೆಂಡಿನ ಮೇಲೆ ಕೂತು ಇದನ್ನೇ ಮಾಡಬಹುದಾ? ಅರ್ಧ. ಪೃಷ್ಠದಲ್ಲಿ, ಕೂರುವ ಮೂಳೆಯ ಪಕ್ಕಕ್ಕೆ ಮೆತ್ತನೆ ಚೆಂಡು ಇಟ್ಟರೆ ಹೊರಗಿನ ಸ್ನಾಯು ಸಡಿಲ ಆಗುತ್ತೆ. ವೃಷಣಕ್ಕೂ ಗುದಕ್ಕೂ ನಡುವೆ ಮಾತ್ರ ಇಡಬೇಡಿ, ಈ ಭಾಗಕ್ಕೆಲ್ಲ ಸ್ಪರ್ಶ ಕೊಡುವ ಪ್ಯುಡೆಂಡಲ್ ನರದ ಕವಲುಗಳು ಅಲ್ಲೇ ಹಾಯುತ್ತವೆ. ಬಾಲಾಸನ (ಮಂಡಿಯೂರಿ ಮುಂದಕ್ಕೆ ಬಾಗಿ ಮಲಗುವುದು) ಮತ್ತು ಆಸರೆ ಹಿಡಿದು ಕುಕ್ಕರುಗಾಲಲ್ಲಿ ಕೂರುವುದು ನನಗೆ ಚೆಂಡಿಗಿಂತ ಮೇಲಾಯಿತು. ಜಾಗ ಯಾವುದು ಅಂತ ಫಿಸಿಯೋ ತೋರಿಸಿದ ಮೇಲೆ ಮನೆಯ ಕೆಲಸಕ್ಕೆ ಅರ್ಥ ಬಂತು. ಅದಕ್ಕೆ ಮುಂಚೆ ಕುರುಡು ಕೆಲಸ.

ನಡಿಗೆ ಮತ್ತು ಜಿಮ್

ಎರಡರಲ್ಲಿ ಮೇಲು ನಡಿಗೆಯೇ. ಭಾರ ಎತ್ತುವಾಗ, ಕ್ರಂಚಸ್ ಮಾಡುವಾಗ ನಾನು ಉಸಿರು ಬಿಗಿ ಹಿಡಿಯುತ್ತೇನೆ, ಕೆಳಗೂ ಬಿಗಿಯುತ್ತೆ. ಇಟಲಿಯಲ್ಲಿ 2007ರ ಒಂದು ಅಧ್ಯಯನದಲ್ಲಿ ಬಿರುಸು ನಡಿಗೆಯವರನ್ನೂ ಬರೀ ಸ್ಟ್ರೆಚಿಂಗ್‌ನವರನ್ನೂ 18 ವಾರ ಹೋಲಿಸಿದರು. ಇಬ್ಬರಿಗೂ ಕಡಿಮೆಯಾಯಿತು, ನಡೆದವರಿಗೆ ಜಾಸ್ತಿ. ನೋವು ಇಳಿದ ಮೇಲೆ ಜಿಮ್‌ಗೆ ವಾಪಸ್ ಹೋಗಬಹುದು, ಹಗುರ ಭಾರದಿಂದ, ಎತ್ತುವಾಗ ಉಸಿರು ಬಿಡುತ್ತಾ.

ಕುಶನ್ ಮತ್ತು ನಿಂತು ಕೆಲಸ

ನಡುವೆ ತೂತಿರುವ ದುಂಡನೆ ಕುಶನ್ ನನಗೆ ಆಗಲಿಲ್ಲ. ತೂತಿನ ಅಂಚು ನೋಯುವ ಕಡೆಗೇ ಒತ್ತುತ್ತಿತ್ತು. ಹಿಂದೆ ಬಾಲಮೂಳೆ ಕಡೆಗೆ ಕತ್ತರಿಸಿದ್ದೂ ಅಷ್ಟಕ್ಕಷ್ಟೆ. ನಡುವೆ ಮುಂದಿನಿಂದ ಹಿಂದಿನವರೆಗೂ ಕಾಲುವೆ ಬಿಟ್ಟಿರುವ ಗಟ್ಟಿ ಕುಶನ್ ಹಿಡಿಸಿತು, ಭಾರ ಪೂರ್ತಿ ಕೂರುವ ಮೂಳೆಗಳ ಮೇಲೆ ಬೀಳುತ್ತೆ. ಇಡೀ ದಿನ ನಿಂತರೆ ಸೊಂಟ ಹಿಡಿಯಿತು. ಬದಲಾಯಿಸುತ್ತಾ ಇರುವುದೇ ವಾಸಿ. ಒಂದು ಸುಳಿವು: ಕೂತರೆ ಮಾತ್ರ ನೋವು, ಕಮೋಡ್ ಮೇಲೆ ಕೂತರೆ ಅಷ್ಟಿಲ್ಲ, ರಾತ್ರಿ ನೋವಿಂದ ಎಚ್ಚರ ಆಗಲ್ಲ ಅಂತಿದ್ದರೆ ಪ್ಯುಡೆಂಡಲ್ ನರದ ಬಗ್ಗೆ ಡಾಕ್ಟರನ್ನು ಕೇಳಿ. ಅದರ ದಾರಿ ಸ್ವಲ್ಪ ಬೇರೆ.

ಬಿಸಿಯಾ, ತಣ್ಣಗಾ? ಬಿಸಿ. ಟಬ್ಬಿನ ಬೆಚ್ಚನೆ ನೀರಲ್ಲಿ ಸೊಂಟದವರೆಗೆ ಕೂತರೆ ಆಗಲೇ ಗೊತ್ತಾಗುತ್ತೆ, ಆದರೆ ಅದು ಆ ಸಂಜೆಗೆ ಮಾತ್ರ. ಮಗುವಿಗಾಗಿ ಪ್ರಯತ್ನದಲ್ಲಿರುವವರು ದಿನಾ ಬಿಸಿನೀರಲ್ಲಿ ಕೂರಬೇಡಿ, ವೀರ್ಯಾಣು ಕಡಿಮೆಯಾಗುತ್ತೆ.

ಮಿಕ್ಕ ಮಾತ್ರೆ, ಸೂಜಿ

ಐಬುಪ್ರೊಫೇನ್ ನೋವು ಏರಿದ ದಿನಕ್ಕೆ ಸರಿ, ದಿನಾ ನುಂಗುವುದಕ್ಕಲ್ಲ. ರಾತ್ರಿ ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್ (ಖಿನ್ನತೆಗೆ ಕೊಡುವ, ಹಳೇ ನೋವಿಗೂ ಬಳಸುವ ಮಾತ್ರೆ) ನೋವಿಗಿಂತ ನಿದ್ದೆಗೆ ಸಹಾಯ ಮಾಡಿತು, ನಿದ್ದೆ ಬಂದರೆ ನೋವೂ ತಡೆಯುವಂತಾಗುತ್ತೆ. ಬಾಯಿ ಒಣಗುತ್ತಿತ್ತು. ಮಲಬದ್ಧತೆಯೂ ಬಂತು, ಮತ್ತೆ ತಿಣುಕುವುದು ಅಂದರೆ ಈ ನೋವಿನ ಬೆಂಕಿಗೆ ತುಪ್ಪ ಸುರಿದ ಹಾಗೆಯೇ. ನಾರು, ನೀರು ಜಾಸ್ತಿ ಮಾಡಿಕೊಂಡೇ ಅದನ್ನು ಮುಂದುವರಿಸಿದೆ. ಕ್ವೆರ್ಸೆಟಿನ್ (ಗಿಡಗಳಲ್ಲಿ ಸಿಗುವ ಒಂದು ಅಂಶ), ಪರಾಗದ ಸಾರದ ಮಾತ್ರೆ ಎರಡಕ್ಕೂ ಸಣ್ಣಪುಟ್ಟ ಅಧ್ಯಯನಗಳ ಬೆಂಬಲ ಇದೆ. ನನಗೆ ಕ್ವೆರ್ಸೆಟಿನ್‌ನಿಂದ ಅಂಕ ಅಲ್ಲಾಡಲಿಲ್ಲ, ಪರಾಗದ್ದನ್ನು ಅಲರ್ಜಿಯ ಭಯಕ್ಕೆ ಮುಟ್ಟಲಿಲ್ಲ.

ಅಕ್ಯುಪಂಕ್ಚರ್ ಬಗ್ಗೆ ನನಗೆ ನಂಬಿಕೆ ಇರಲಿಲ್ಲ. ಆದರೆ 2021ರಲ್ಲಿ ಚೀನಾದಲ್ಲಿ 440 ಗಂಡಸರ ಮೇಲೆ ಎಂಟು ವಾರ ನಡೆಸಿದ ಅಧ್ಯಯನದಲ್ಲಿ ನಿಜವಾದ ಸೂಜಿಗೆ ಸುಮಾರು 60 ಶೇಕಡಾ, ನಾಟಕದ ಸೂಜಿಗೆ ಸುಮಾರು 37 ಶೇಕಡಾ ಜನರಿಗೆ ಗುಣ ಕಂಡಿತ್ತು. ಮಾಡಿಸಿದೆ. ನಿಜಕ್ಕೂ ಸ್ವಲ್ಪ ಇಳಿಯಿತು, ಫಿಸಿಯೋದಷ್ಟಲ್ಲ. ಗುದ ಪರೀಕ್ಷೆ ಬೇಡವೇ ಬೇಡ ಅನ್ನುವವರಿಗೆ ಇದು ಶುರು ಮಾಡಲು ಒಳ್ಳೆ ಜಾಗ.

ಒಟ್ಟು ಒಂದೇ ಅಂಕಿಯಲ್ಲಿ ಹೇಳಬೇಕೆಂದರೆ, ಫಿಸಿಯೋ, ಉಸಿರಾಟ, ನಡಿಗೆ ಒಟ್ಟಿಗೆ ನಡೆದ ಅವಧಿಯಲ್ಲಿ ಮಾತ್ರ ನನ್ನ ಅಂಕ ಆರಕ್ಕಿಂತ ಜಾಸ್ತಿ ಇಳಿದು ಅಲ್ಲೇ ನಿಂತಿತು. ಯಾವುದಕ್ಕೆ ಎಷ್ಟು ಪಾಲು ಅಂತ ಬಿಡಿಸಿ ಹೇಳಲು ಬರಲ್ಲ.

ಇನ್ನು ಸೈಕಲ್. ಮೂತಿ ಇಲ್ಲದ ಸೀಟು ಹಾಕಿಸಿ ನೋಡಿದೆ. ಮಾಮೂಲಿ ಸೀಟಿಗಿಂತ ಎಷ್ಟೋ ಮೇಲು, ಆದರೆ ತಿರುವಿನಲ್ಲಿ ಹಿಡಿತ ಸಿಗಲ್ಲ, ಮುಂದಕ್ಕೆ ಜಾರುತ್ತೆ. ಈಗ ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ಪರವಾಗಿಲ್ಲ. ಮುಂದಿನ ತಿಂಗಳು ನಡುವೆ ಕಾಲುವೆ ಇರುವ ಅಗಲ ಸೀಟಿನ ಸರದಿ.