ಅಂಚು ನೋಡದೆ ಅಗ್ನಿಶಾಮಕ ಪದಕ ಕೊಳ್ಳಬೇಡಿ

‘ಬ್ರಿಟನ್ ಅಗ್ನಿಶಾಮಕ ದಳದ ದೀರ್ಘಸೇವಾ ಪದಕ, 1950ರದು, ಬೆಳ್ಳಿ, ಹೆಸರು ಅಸಲಿ.’ ಕಾರವಾರದ ಸಂಗ್ರಾಹಕರೊಬ್ಬರಿಗೆ ಆನ್‌ಲೈನ್ ಮಾರಾಟಗಾರನೊಬ್ಬ ಹೀಗೆ ಹೇಳಿ ದಾಟಿಸಿದ ಪದಕದಲ್ಲಿ ಕಾಲ, ಲೋಹ, ಹೆಸರು ಮೂರೂ ಸುಳ್ಳು.

ಪದಕದ ಮೇಲಿದ್ದದ್ದು ಎರಡನೇ ಎಲಿಜಬೆತ್ ಮುಖ. ಅವರು ಪಟ್ಟಕ್ಕೆ ಬಂದದ್ದೇ 1952ರಲ್ಲಿ! 20 ವರ್ಷದ ಸೇವೆಗೆ ಕೊಡುವ ಈ ಸರ್ಕಾರಿ ಪದಕ ಶುರುವಾದದ್ದು 1954ರಲ್ಲಿ. ಲೋಹ ತಾಮ್ರ-ನಿಕ್ಕಲ್ ಮಿಶ್ರಣ, ವ್ಯಾಸ 36 ಮಿ.ಮೀ. ಅದಕ್ಕೂ ಹಿಂದಿನವು ಸಂಘಗಳ, ಊರಿನ ದಳಗಳ ಪದಕಗಳು. ನ್ಯಾಷನಲ್ ಫೈರ್ ಬ್ರಿಗೇಡ್ಸ್ ಅಸೋಸಿಯೇಷನ್ 10 ವರ್ಷಕ್ಕೆ ಕಂಚು, 20ಕ್ಕೆ ಬೆಳ್ಳಿ ಕೊಡುತ್ತಿತ್ತು. ಬೆಳ್ಳಿ ಎಂದವನಿಗೆ ಮೊದಲು ಕೇಳಬೇಕಾದದ್ದು, ಪದಕದ ಮೇಲೆ ಯಾವ ಸಂಘದ, ಯಾವ ದಳದ ಹೆಸರಿದೆ ಅಂತ.

ನೀವು ದುಡ್ಡು ಕೊಡುವುದು ನಿಜವಾಗಿ ಅಂಚಿಗೆ. ಪಡೆದವರ ಹೆಸರು, ಹುದ್ದೆ ಇರುವುದು ಅಲ್ಲೇ. ಹಳೆ ಹೆಸರನ್ನು ಅರದಿಂದ ಉಜ್ಜಿ, ಬೆಲೆ ಬರುವ ಬೇರೆ ಹೆಸರು ಕೊರೆಯುವುದು ಹಳೇ ದಂಧೆ. ಉಜ್ಜಿದರೆ ಲೋಹ ಕಮ್ಮಿಯಾಗಲೇಬೇಕು. ಮಿ.ಮೀ.ಗಿಂತ ಸಣ್ಣ ಅಳತೆ ತೋರಿಸುವ ವರ್ನಿಯರ್ ಕ್ಯಾಲಿಪರ್‌ನಲ್ಲಿ ನಾಲ್ಕು ದಿಕ್ಕಿಗೆ ಅಳೆಯಿರಿ; ಒಂದು ಕಡೆ 36, ಇನ್ನೊಂದು ಕಡೆ 35.6 ಬಂದರೆ ಅನುಮಾನಪಡಿ. ಸುತ್ತ ಸಮನಾಗಿ ಉಜ್ಜಿದ್ದರೆ ಎಲ್ಲ ಕಡೆ ಕಮ್ಮಿ ಬರುತ್ತದೆ, ಹಾಗಾಗಿ ಅಸಲಿ ಪದಕವೊಂದನ್ನು ಪಕ್ಕಕ್ಕಿಟ್ಟುಕೊಂಡೇ ಅಳೆಯುವುದು ಒಳ್ಳೆಯದು. ಅಂಚಿನ ಉದ್ದಕ್ಕೂ ಬೆಸುಗೆ ಗೆರೆಯಂಥದ್ದು ಕಂಡರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲು. ಅಂಚಿನ ಸುತ್ತಿನ ನಾಲ್ಕು ಫೋಟೊ ಬರುವವರೆಗೆ ದುಡ್ಡು ಕಳಿಸಬೇಡಿ. ಮುಖ, ಹಿಂಬದಿಯ ಫೋಟೊ ಯಾರು ಬೇಕಾದರೂ ಕಳಿಸುತ್ತಾರೆ.

ಬೆಳ್ಳಿ ಹೌದೋ ಅಲ್ಲವೋ ನೋಡಲು ಶೇಟರ ಅಂಗಡಿಯಲ್ಲಿ ಒರೆಗಲ್ಲಿಗೆ ತಿಕ್ಕಿಸಬೇಡಿ, ಗುರುತು ಉಳಿಯುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ರಿಬ್ಬನ್ ತೆಗೆದು ಪದಕ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ದಾರಕ್ಕೆ ಕಟ್ಟಿದ ಪದಕವನ್ನು ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲಿನ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 10.3ರ ಆಸುಪಾಸು ಬಂದರೆ ಸ್ಟರ್ಲಿಂಗ್ ಬೆಳ್ಳಿ, 8.9 ಬಂದರೆ ತಾಮ್ರ-ನಿಕ್ಕಲ್. ಕಡಲಂಚಿನ ಬಾವಿಯ ಉಪ್ಪು ನೀರು ಬೇಡ, ಡಿಸ್ಟಿಲ್ಡ್ ನೀರು ತನ್ನಿ, ತೂಗಿದ ಕೂಡಲೇ ಒಣಗಿಸಿ.

ಕಾರವಾರದ ಆ ಪದಕ ಇನ್ನೊಂದು ರೀತಿಯಲ್ಲೂ ಹಾಳಾಯಿತು. ಕಿಲುಬು ಬಿಡಿಸಲು ಹುಣಸೆಹಣ್ಣು ಹಾಕಿ ತಿಕ್ಕಿದರು. ಹುಣಸೆಯಿರಲಿ, ಮುರುಗಲಿರಲಿ, ವಾಟೆಹುಳಿಯಿರಲಿ, ಹುಳಿ ತಾಗಿದರೆ ಕಾಲದ ಬಣ್ಣ ಹೋಗುತ್ತದೆ. ತಿಕ್ಕಿದರೆ ಅಕ್ಷರದ ಮೊನೆಯೂ ಹೋಗುತ್ತದೆ. ಹಂಡೆ ಬೆಳಗಿದ ಹಾಗೆ ಪದಕ ಬೆಳಗಬಾರದು. ಅಷ್ಟಕ್ಕೂ ಆ ಕಿಲುಬಿಗೆ ಕಾರಣ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರು ಮತ್ತು ಉಪ್ಪುಗಾಳಿ. ಕವರು ಪಿವಿಸಿಯೋ ಎಂದು ತಿಳಿಯಲು, ಕಾಯಿಸಿದ ತಾಮ್ರದ ತಂತಿಯನ್ನು ಅದಕ್ಕೆ ಒತ್ತಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಆ ಕವರು ಎಸೆಯಿರಿ. ಇದನ್ನು ಅಂಗಳದಲ್ಲೇ ಮಾಡಿ, ಹೊಗೆ ಕೆಟ್ಟದ್ದು. ಪಾಲಿಪ್ರೊಪಿಲಿನ್ ಕವರಿನಲ್ಲಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್‌ನ ಬಣ್ಣ ನೋಡುತ್ತಿರಿ. ಬದಲಾದರೆ 120 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಂದೆರಡು ತಾಸು ಕಾಯಿಸಿ ಮತ್ತೆ ಹಾಕಿ.